ಅಲಿಯಂ: ಎಲೆ ಬಂತು, ಹೂವು ಯಾಕೆ ಬರಲಿಲ್ಲ?

ಪ್ರಶ್ನೆ: ನೇರಳೆ ಬಣ್ಣದ ಚೆಂಡಿನಂಥ ಹೂವು ಬಿಡುವ ಅಲಿಯಂ ಗಡ್ಡೆಗಳನ್ನು ಹೋದ ವರ್ಷಕ್ಕೂ ಹಿಂದಿನ ಚಳಿಗಾಲಕ್ಕೆ ಮುಂಚೆ ನೆಟ್ಟಿದ್ದೆ. ಮೊದಲ ವಸಂತದಲ್ಲಿ ಎಲ್ಲವೂ ಹೂ ಬಿಟ್ಟವು. ಈ ವರ್ಷ ಎಲೆ ಚೆನ್ನಾಗಿ ಬಂತು, ಆದರೆ ಹೂವು ಬಂದದ್ದು ಒಂದೇ ಒಂದು. ಮೊಗ್ಗು ಅರಳುವ ಮೊದಲೇ ಎಲೆಯ ತುದಿ ಹಳದಿಯಾಗಿ ಒಣಗುತ್ತದೆ. ನೋಡೋಕೆ ಚೆನ್ನಾಗಿರಲ್ಲ ಅಂತ ಹೋದ ವರ್ಷ ಅವನ್ನೆಲ್ಲ ಕತ್ತರಿಸಿದ್ದೆ. ಸುತ್ತಲಿನ ಬೇರೆ ಹೂಗಿಡಗಳಿಗೆ ಬೇಸಿಗೆಯಿಡೀ ನೀರು ಹಾಕುತ್ತೇನೆ, ಇವೂ ಅದೇ ಪಾತಿಯಲ್ಲಿವೆ. ಇದು ರೋಗವಾ? ಗಡ್ಡೆ ಕಿತ್ತು ಬೇರೆ ಕಡೆ ನೆಡಬೇಕಾ? ಈರುಳ್ಳಿ ಜಾತಿ ಅಂತಾರಲ್ಲ, ತಿನ್ನಬಹುದಾ? ಬೀಜದಿಂದ ಬೆಳೆಸೋಕೆ ಆಗುತ್ತಾ?

ಉತ್ತರ: ರೋಗ ಅಲ್ಲ. ಎಲೆ ಒಣಗುವುದು ಈ ಗಿಡದ ಸಹಜ ಗುಣ, ಅದಕ್ಕೆ ಗಾಬರಿ ಬೇಡ. ಆದರೆ ಹೂವು ಬಾರದಿರುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಹೋದ ವರ್ಷ ಎಲೆ ಕತ್ತರಿಸಿದ್ದು ಒಂದು, ಬೇಸಿಗೆಯಲ್ಲಿ ನೀರು ಹಾಕಿದ್ದು ಇನ್ನೊಂದು. ಅಲಿಯಂ ಗಡ್ಡೆಯ ವಿಷಯದಲ್ಲಿ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಮುಕ್ಕಾಲು ಪಾಲು ಗೊಂದಲ ಕಳೆಯುತ್ತದೆ: ಈ ವರ್ಷ ನೀವು ನೋಡುವ ಹೂವು ಹೋದ ವರ್ಷ ತಯಾರಾದದ್ದು. ಹೂವು ಬರಲಿಲ್ಲ ಎಂದು ಈ ವಸಂತದಲ್ಲಿ ತಪ್ಪು ಹುಡುಕಿದರೆ ಏನೂ ಸಿಗುವುದಿಲ್ಲ. ಹಿಂದಿನ ವರ್ಷ ಹೂವು ಮುಗಿದ ಮೇಲಿನ ವಾರಗಳಲ್ಲಿ ಗಿಡಕ್ಕೆ ಏನಾಯಿತು ಎಂದು ನೋಡಬೇಕು.

ಈ ಗಿಡ ಹುಟ್ಟಿದ ಜಾಗ ಎಂಥದ್ದು ಎಂದು ಗೊತ್ತಾದರೆ ಅದರ ವರ್ತನೆ ತಾನಾಗಿ ಅರ್ಥವಾಗುತ್ತದೆ. ತೋಟಗಳಲ್ಲಿ ನಾವು ಬೆಳೆಸುವ ದೊಡ್ಡ ಚೆಂಡಿನ ಅಲಿಯಂಗಳ ತವರು ಹೆಚ್ಚಾಗಿ ಮಧ್ಯ ಏಷ್ಯಾ ಮತ್ತು ಇರಾನಿನ ಬೆಟ್ಟದ ಇಳಿಜಾರುಗಳು. ಆಳೆತ್ತರ ಬೆಳೆಯುವ ಅಲಿಯಂ ಗೈಗಾಂಟಿಯಂ ಮಧ್ಯ ಏಷ್ಯಾದ್ದು. ಅಲಿಯಂ ಹೊಲ್ಯಾಂಡಿಕಂ ಹೆಸರಿನಲ್ಲಿ ಹಾಲೆಂಡ್ ಇದ್ದರೂ ಅದರ ಮೂಲ ಇರಾನ್. ಅಗಲ ಎಲೆಯ ಗಿಡ್ಡ ಅಲಿಯಂ ಕರಟಾವಿಯೆನ್ಸ್ ಕಜಾಕಸ್ತಾನದ ಕರಾಟೌ ಬೆಟ್ಟಸಾಲಿನದು. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಹಿಮ ಕರಗಿದಾಗ ಕೆಲವು ವಾರ ಮಾತ್ರ ಮಣ್ಣು ಒದ್ದೆ. ಆಮೇಲೆ ತಿಂಗಳುಗಟ್ಟಲೆ ಸುಡುವ ಬಿಸಿಲು, ಒಂದು ಹನಿ ಮಳೆ ಇಲ್ಲ.

ಇಂಥ ಕಡೆ ಬದುಕಬೇಕಾದರೆ ಗಿಡ ಅವಸರ ಮಾಡಲೇಬೇಕು. ನೀರು ಇರುವಷ್ಟು ದಿನ ಅಗಲವಾಗಿ ಎಲೆ ಬಿಡುತ್ತದೆ, ಬಿಸಿಲನ್ನು ಹೀರಿ ಆಹಾರ ಮಾಡಿ ಗಡ್ಡೆಗೆ ಇಳಿಸುತ್ತದೆ. ಮಣ್ಣು ಒಣಗುವ ಸೂಚನೆ ಸಿಗುತ್ತಿದ್ದ ಹಾಗೆ ಎಲೆಯನ್ನು ಬಿಟ್ಟುಕೊಡುತ್ತದೆ. ಅಗಲವಾದ ಎಲೆಯಿಂದ ನೀರು ಜಾಸ್ತಿ ಆರಿಹೋಗುತ್ತದಲ್ಲ, ಅದನ್ನು ಇಟ್ಟುಕೊಂಡರೆ ನಷ್ಟವೇ. ಹೂವಿನ ದಂಟು ಮಾತ್ರ ಹಸಿರಾಗಿಯೇ ಉಳಿದು, ಎಲೆಯಿಲ್ಲದೆ ಒಂಟಿಯಾಗಿ ಚೆಂಡನ್ನು ಹೊತ್ತು ನಿಲ್ಲುತ್ತದೆ. ನೀವು ಕಂಡ ಹಳದಿ ತುದಿ ಇದೇ. ತಣ್ಣಗಿನ, ಸಾಕಷ್ಟು ನೀರಿರುವ ತೋಟದಲ್ಲಿ ನೆಟ್ಟರೂ ಗಿಡ ತನ್ನ ಹಳೆಯ ಅಭ್ಯಾಸ ಬಿಡುವುದಿಲ್ಲ. ಗೊಬ್ಬರ ಹಾಕಿದರೂ, ನೀರು ಹೆಚ್ಚಿಸಿದರೂ ಎಲೆ ಒಣಗುವುದು ನಿಲ್ಲುವುದಿಲ್ಲ. ನಿಲ್ಲಿಸಲು ಹೋಗಲೂ ಬಾರದು.

ಈಗ ಗಡ್ಡೆಯ ಒಳಗೆ ಏನಾಗುತ್ತದೆ ನೋಡೋಣ. ಈ ದೊಡ್ಡ ಅಲಿಯಂಗಳಲ್ಲಿ ನೀವು ನೆಟ್ಟ ಗಡ್ಡೆಯೇ ವರ್ಷವರ್ಷವೂ ಉಳಿಯುವುದಿಲ್ಲ. ಹಳೆಯ ಗಡ್ಡೆ ತನ್ನಲ್ಲಿದ್ದ ಸಾರವನ್ನೆಲ್ಲ ಎಲೆಗೂ ಹೂವಿಗೂ ಕೊಟ್ಟು ಸೊರಗಿ ಬರೀ ಸಿಪ್ಪೆಯಾಗುತ್ತದೆ. ಅದೇ ಹೊತ್ತಿಗೆ ಅದರೊಳಗಿನ ಕುಡಿಯೊಂದು ಹೊಸ ಗಡ್ಡೆಯಾಗಿ ತುಂಬಿಕೊಳ್ಳುತ್ತದೆ. ಈ ಹೊಸ ಗಡ್ಡೆ ತುಂಬುವುದು ಎಲೆ ಕಳಿಸುವ ಆಹಾರದಿಂದ. ಆ ಕೆಲಸಕ್ಕೆ ಸಿಗುವುದು ವಸಂತದ ಆ ಕೆಲವೇ ವಾರ. ಅರ್ಧ ಹಳದಿಯಾದ ಎಲೆ ಕೂಡ ಉಳಿದರ್ಧ ಹಸಿರಿನಿಂದ ಆಹಾರ ಮಾಡುತ್ತಲೇ ಇರುತ್ತದೆ, ಒಣಗುತ್ತಿರುವ ಭಾಗದಲ್ಲಿದ್ದ ಸಾರವನ್ನೂ ಕೆಳಗೆ ಎಳೆದುಕೊಳ್ಳುತ್ತದೆ. ಅಂಥ ಎಲೆಯನ್ನು ಕತ್ತರಿಸಿದರೆ ಹೊಸ ಗಡ್ಡೆ ಅರೆಹೊಟ್ಟೆಯಲ್ಲಿ ನಿದ್ದೆಗೆ ಹೋಗುತ್ತದೆ.

ಎಲೆ ಪೂರ್ತಿ ಒಣಗಿದ ಮೇಲೆ ಗಡ್ಡೆ ಸುಮ್ನೆ ಮಲಗಿರುತ್ತದೆ ಎಂದು ಮೇಲಿಂದ ಅನಿಸುತ್ತದೆ. ಹಾಗಲ್ಲ. ಬೇಸಿಗೆಯ ಆ ಒಣ, ಬೆಚ್ಚಗಿನ ದಿನಗಳಲ್ಲೇ ಗಡ್ಡೆಯ ನಡುವಿನಲ್ಲಿ ಮುಂದಿನ ವರ್ಷದ ಹೂಮೊಗ್ಗು ಮೂಡುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಇಡೀ ಗೊಂಚಲಿನ ರೂಪ ಅಲ್ಲಿ ತಯಾರಾಗುತ್ತದೆ. ಗಡ್ಡೆಯಲ್ಲಿ ಸಾಕಷ್ಟು ಸಂಗ್ರಹ ಇಲ್ಲದಿದ್ದರೆ ಈ ಮೊಗ್ಗು ಮೂಡುವುದೇ ಇಲ್ಲ, ಬರೀ ಎಲೆಯ ಕುಡಿ ಮಾತ್ರ ಇರುತ್ತದೆ. ಮುಂದೆ ಚಳಿಗಾಲದ ತಂಪು ವಾರಗಟ್ಟಲೆ ಸಿಕ್ಕಾಗ ದಂಟು ಉದ್ದವಾಗುವ ಶಕ್ತಿ ಪಡೆಯುತ್ತದೆ. ತಂಪು ಸಾಲದಿದ್ದರೆ ಮೊಗ್ಗು ಇದ್ದೂ ದಂಟು ಏಳುವುದಿಲ್ಲ, ಎದ್ದರೂ ಎಲೆಯ ನಡುವೆ ಕುಳ್ಳಗೆ ನಿಂತುಬಿಡುತ್ತದೆ. ಅಂದರೆ ಒಂದು ಹೂವಿಗೆ ಮೂರು ಹಂತ ಸರಿಯಾಗಿ ನಡೆಯಬೇಕು: ವಸಂತದಲ್ಲಿ ಎಲೆಗೆ ಬಿಸಿಲು, ಬೇಸಿಗೆಯಲ್ಲಿ ಗಡ್ಡೆಗೆ ಒಣ ವಿಶ್ರಾಂತಿ, ಚಳಿಗಾಲದಲ್ಲಿ ತಂಪು. ನಿಮ್ಮಲ್ಲಿ ಮೊದಲ ವರ್ಷ ಎಲ್ಲ ಗಡ್ಡೆಯೂ ಹೂ ಬಿಟ್ಟಿದ್ದರಿಂದ ತಂಪು ಸಾಕಷ್ಟು ಸಿಗುತ್ತಿರಬೇಕು ಎಂದು ಊಹಿಸುತ್ತೇನೆ. ತಪ್ಪಿದ್ದು ಮೊದಲೆರಡು ಹಂತ.

ಮೊದಲ ವರ್ಷ ಏನೂ ಮಾಡದೆ ಹೂ ಬಂತಲ್ಲ ಎಂದು ನೀವು ಕೇಳಬಹುದು. ಆ ಹೂವು ನಿಮ್ಮ ತೋಟದ್ದಲ್ಲ, ಗಡ್ಡೆ ಬೆಳೆದ ಹೊಲದ್ದು. ಬೆಳೆಗಾರರು ಮೊಗ್ಗು ಬರುವಷ್ಟು ದಪ್ಪ ಮಾಡಿಯೇ ಗಡ್ಡೆಯನ್ನು ಮಾರುತ್ತಾರೆ. ಹೀಗಾಗಿ ಹೊಸ ಗಡ್ಡೆ ಮೊದಲ ವರ್ಷ ಎಂಥ ಜಾಗದಲ್ಲಿ ನೆಟ್ಟರೂ ಬಹುತೇಕ ಹೂ ಬಿಡುತ್ತದೆ. ತೋಟದ ಜಾಗ ಸರಿಯಿದೆಯಾ ಎಂದು ತಿಳಿಯುವುದು ಎರಡನೆಯ, ಮೂರನೆಯ ವರ್ಷ. ಅಲಿಯಂ ಒಂದೇ ವರ್ಷದ ಗಿಡ ಎಂದು ಎಷ್ಟೋ ಜನ ತೀರ್ಮಾನಿಸಿಬಿಡುವುದು ಇದೇ ಕಾರಣಕ್ಕೆ. ಒಪ್ಪುವ ಜಾಗದಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ.

ನೀರಿನ ವಿಷಯಕ್ಕೆ ಬರೋಣ, ಯಾಕೆಂದರೆ ಎಲೆ ಕತ್ತರಿಸುವುದಕ್ಕಿಂತ ಇದು ಹೆಚ್ಚು ಕೆಡುಕು ಮಾಡುತ್ತದೆ. ಎಲೆ ಹಸಿರಾಗಿರುವಾಗ ಅಲಿಯಂಗೆ ನೀರು ಬೇಕು. ವಸಂತದಲ್ಲಿ ಮಳೆ ಕೈಕೊಟ್ಟರೆ ಆಗ ಧಾರಾಳವಾಗಿ ಕೊಡಿ. ಎಲೆ ಒಣಗಿದ ಮೇಲೆ ಬೇರುಗಳೂ ಸಾಯುತ್ತವೆ. ಬೇರೇ ಇಲ್ಲದ ಗಡ್ಡೆಗೆ ನೀರು ಹಾಕಿ ಏನು ಪ್ರಯೋಜನ? ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಅದರ ಹೊರಸಿಪ್ಪೆ ಕೊಳೆಯುತ್ತದೆ, ಬುಡದಿಂದ ಬೂಷ್ಟು ಹತ್ತುತ್ತದೆ. ಕೊಳೆಯದೆ ಉಳಿದರೂ ಗಡ್ಡೆಗೆ ಸಿಗಬೇಕಾದ ಆ ಒಣ ವಿಶ್ರಾಂತಿ ಸಿಗುವುದಿಲ್ಲ.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಹೌದು, ಕಿತ್ತು ಜಾಗ ಬದಲಿಸಿ. ಬೇಸಿಗೆಯಲ್ಲಿ ನೀರು ಬೇಡುವ ಗಿಡಗಳ ಜೊತೆ ಇವನ್ನು ಇಡುವುದು ಇಬ್ಬರಿಗೂ ನ್ಯಾಯವಲ್ಲ. ಆದರೆ ಈಗಲೇ ಕೀಳಬೇಡಿ. ಎಲೆ ಪೂರ್ತಿ ಒಣಗಿ, ಮೆಲ್ಲಗೆ ಎಳೆದರೆ ತಾನಾಗಿ ಕೈಗೆ ಬರುವವರೆಗೆ ಕಾಯಿರಿ. ಅಷ್ಟರೊಳಗೆ ಪ್ರತಿ ಗಡ್ಡೆಯ ಪಕ್ಕ ಒಂದೊಂದು ಕಡ್ಡಿ ನೆಟ್ಟಿಡಿ, ಎಲೆ ಮಾಯವಾದ ಮೇಲೆ ಗಡ್ಡೆ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಗುದ್ದಲಿಗಿಂತ ಮುಳ್ಳುಗುದ್ದಲಿ ಒಳ್ಳೆಯದು. ಗಡ್ಡೆಯಿಂದ ಒಂದು ಗೇಣು ದೂರದಲ್ಲಿ ಇಳಿಸಿ ಅಡಿಯಿಂದ ಎತ್ತಿ. ಗಾಯವಾದ ಗಡ್ಡೆ ಉಳಿಯುವುದು ಕಷ್ಟ.

ಎತ್ತಿದಾಗ ಒಂದು ಗಡ್ಡೆ ಇದ್ದ ಕಡೆ ಎರಡೋ ಮೂರೋ ಸಿಕ್ಕರೆ ಆಶ್ಚರ್ಯ ಬೇಡ. ಹೂವು ಕಡಿಮೆಯಾಗಲು ಇದೂ ಒಂದು ಕಾರಣ. ದೊಡ್ಡ ಗಡ್ಡೆ ಒಡೆದು ಎರಡಾದರೆ ಸಂಗ್ರಹವೂ ಹಂಚಿಹೋಗುತ್ತದೆ, ಎರಡಕ್ಕೂ ಹೂ ಬಿಡುವಷ್ಟು ಬಲ ಇರುವುದಿಲ್ಲ. ಇದು ಗಿಡದ ಸೋಲಲ್ಲ, ಅದು ಸಂಸಾರ ಹೆಚ್ಚಿಸಿಕೊಳ್ಳುವ ರೀತಿ. ಮಣ್ಣು ಉದುರಿಸಿ, ತೊಳೆಯದೆ, ನೆರಳಿನಲ್ಲಿ ಗಾಳಿಯಾಡುವ ಕಡೆ ಒಣಗಲು ಬಿಡಿ. ಒತ್ತಿ ನೋಡಿದಾಗ ಮೆತ್ತಗಿರುವುದನ್ನು ಎಸೆಯಿರಿ. ಗಟ್ಟಿಯಾಗಿರುವ ದೊಡ್ಡವನ್ನು ಹೊಸ ಪಾತಿಗೆ, ಚಿಕ್ಕವನ್ನು ಬಿಸಿಲು ಬೀಳುವ ಇನ್ನೊಂದು ಮೂಲೆಗೆ ಎಂದು ಬೇರೆ ಮಾಡಿ. ಚಿಕ್ಕವು ಒಂದೆರಡು ವರ್ಷ ಎಲೆ ಮಾತ್ರ ಬಿಟ್ಟು ದಪ್ಪಗಾಗುತ್ತವೆ. ಅಲ್ಲಿಯವರೆಗೆ ಅವುಗಳಿಂದ ಹೂವು ನಿರೀಕ್ಷಿಸಬೇಡಿ.

ಮತ್ತೆ ನೆಡುವುದು ಬೇಸಿಗೆ ಕಳೆದು ಮಣ್ಣು ತಣ್ಣಗಾದ ಮೇಲೆ, ಚಳಿ ಗಟ್ಟಿಯಾಗುವ ಮುಂಚೆ. ಆಳದ ಲೆಕ್ಕ ಸುಲಭ: ಗಡ್ಡೆಯ ಎತ್ತರದ ಮೂರರಿಂದ ನಾಲ್ಕು ಪಟ್ಟು. ದೊಡ್ಡ ಜಾತಿಗಳಿಗೆ ಕನಿಷ್ಠ 15 ಸೆಂ.ಮೀ. ಬೇಕು. ಮೇಲೆ ಮೇಲೆ ನೆಟ್ಟರೆ ಗಡ್ಡೆ ಬೇಗ ಒಡೆದು ಸಣ್ಣ ಸಣ್ಣದಾಗುತ್ತದೆ, ಎತ್ತರದ ದಂಟು ಗಾಳಿಗೆ ವಾಲುತ್ತದೆ. ದೊಡ್ಡವಕ್ಕೆ ನಡುವೆ 20ರಿಂದ 30 ಸೆಂ.ಮೀ. ಅಂತರ ಕೊಡಿ, ಚಿಕ್ಕ ಜಾತಿಗಳಿಗೆ 8ರಿಂದ 10 ಸೆಂ.ಮೀ. ಸಾಕು. ದಿನವಿಡೀ ಬಿಸಿಲು ಬೀಳುವ ಜಾಗವೇ ಆಗಬೇಕು. ನೀರು ನಿಲ್ಲುವ ಜೇಡಿಮಣ್ಣಾದರೆ ಗುಂಡಿಯ ತಳಕ್ಕೆ ಒಂದು ಹಿಡಿ ಜಲ್ಲಿ ಹಾಕಿ ತೃಪ್ತಿಪಡಬೇಡಿ, ಅದರಿಂದ ಏನೂ ಆಗುವುದಿಲ್ಲ. ಸುತ್ತಲಿನ ನೀರು ಅದೇ ಗುಂಡಿಗೆ ಇಳಿಯುತ್ತದೆ. ಪಾತಿಯನ್ನೇ ಎತ್ತರಿಸಿ, ಇಡೀ ಮಣ್ಣಿಗೆ ದಪ್ಪ ಮರಳು ಬೆರೆಸಿ. ಹುಳಿ ಮಣ್ಣು ಇವಕ್ಕೆ ಹಿಡಿಸುವುದಿಲ್ಲ. ಸಮ ಅಥವಾ ತುಸು ಕ್ಷಾರದ ಕಡೆಗಿರುವ ಮಣ್ಣು ಒಳ್ಳೆಯದು.

ಗೊಬ್ಬರ ಕಡಿಮೆ ಸಾಕು, ಆದರೆ ಹೊತ್ತು ಸರಿಯಿರಬೇಕು. ಎಲೆ ಮಣ್ಣಿನಿಂದ ಮೇಲೆ ಬಂದ ಕೂಡಲೇ ಪೊಟ್ಯಾಷಿಯಂ ಜಾಸ್ತಿ, ಸಾರಜನಕ ಕಡಿಮೆ ಇರುವ ಗೊಬ್ಬರ ಕೊಡಿ. ಮರದ ಬೂದಿ ತೆಳ್ಳಗೆ ಉದುರಿಸಿದರೂ ಆಗುತ್ತದೆ, ಮಣ್ಣಿನ ಹುಳಿಯೂ ಕಡಿಮೆಯಾಗುತ್ತದೆ. ಹೂ ಬಿಟ್ಟ ಮೇಲೆ ಹಾಕಿದ ಗೊಬ್ಬರ ವ್ಯರ್ಥ, ಅಷ್ಟರಲ್ಲಿ ಅದನ್ನು ಹೀರಬೇಕಾದ ಎಲೆ ಬೇರು ಎರಡೂ ಮುಗಿದಿರುತ್ತವೆ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬಂದು ಗಡ್ಡೆ ಮೆತ್ತಗಾಗುತ್ತದೆ, ಬೇಗ ಕೊಳೆಯುತ್ತದೆ.

ಒಣ ಎಲೆ ಕಣ್ಣಿಗೆ ಚುಚ್ಚುತ್ತದೆ ಎಂಬ ನಿಮ್ಮ ದೂರು ನ್ಯಾಯವಾದದ್ದೇ. ಅದಕ್ಕೆ ಕತ್ತರಿ ಮದ್ದಲ್ಲ, ನೆರೆಯ ಗಿಡ ಮದ್ದು. ಅಲಿಯಂ ಎಲೆ ಸೊರಗುವ ಹೊತ್ತಿಗೆ ಮೈತುಂಬಿಕೊಳ್ಳುವ ಗಿಡವನ್ನು ಮುಂದೆ ನೆಡಿ. ನೇಪೆಟಾ, ಲ್ಯಾವೆಂಡರ್, ತೆಳು ಎಲೆಯ ಅಲಂಕಾರಿಕ ಹುಲ್ಲುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಇವೂ ಬೇಸಿಗೆಯಲ್ಲಿ ಹೆಚ್ಚು ನೀರು ಕೇಳುವುದಿಲ್ಲ. ಒಂದೇ ಎಚ್ಚರಿಕೆ, ವಸಂತದ ಮೊದಲಲ್ಲೇ ಎದ್ದು ಅಲಿಯಂ ಎಲೆಗೆ ನೆರಳು ಹಾಕುವಂಥ ಗಿಡ ಬೇಡ. ಅದು ಎಲೆ ಕತ್ತರಿಸಿದ್ದಕ್ಕೆ ಸಮ. ಎಲೆಗಳನ್ನು ಮಡಚಿ ಗಂಟು ಕಟ್ಟುವ ರೂಢಿಯೂ ಕೆಲವರಲ್ಲಿದೆ. ಅದನ್ನೂ ಮಾಡಬೇಡಿ, ಬಿಸಿಲು ತಾಗುವ ಜಾಗ ಕಡಿಮೆಯಾಗುತ್ತದೆ.

ಇಲ್ಲಿ ಚಳಿಯೇ ಬೀಳದ ಊರುಗಳ ಓದುಗರಿಗೂ ಒಂದು ಮಾತು. ಬೆಚ್ಚಗಿನ ಕಡೆ ಇದೇ ಲಕ್ಷಣ, ಅಂದರೆ ಬರೀ ಎಲೆ, ಬೇರೆ ಕಾರಣಕ್ಕೆ ಬರುತ್ತದೆ. ಅಲ್ಲಿ ಗಡ್ಡೆಗೆ ತಂಪು ಸಿಕ್ಕಿರುವುದಿಲ್ಲ. ಉಪಾಯ ಇದೆ: ಗಡ್ಡೆಗಳನ್ನು ತೂತಿರುವ ಕಾಗದದ ಚೀಲದಲ್ಲಿ ಹಾಕಿ ಫ್ರಿಜ್‌ನ ಕೆಳಭಾಗದಲ್ಲಿ, ಸುಮಾರು 4–5 ಡಿಗ್ರಿ ಸೆಲ್ಸಿಯಸ್‌ನಲ್ಲಿ, 10ರಿಂದ 14 ವಾರ ಇಡಬೇಕು. ಫ್ರೀಜರ್‌ನಲ್ಲಿ ಇಟ್ಟರೆ ಗಡ್ಡೆ ಸತ್ತೇ ಹೋಗುತ್ತದೆ. ಸೇಬು, ಬಾಳೆಯಂಥ ಹಣ್ಣುಗಳ ಜೊತೆಯೂ ಇಡಬಾರದು. ಮಾಗುವ ಹಣ್ಣು ಬಿಡುವ ಎಥಿಲಿನ್ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಹೊರತೆಗೆದ ಕೂಡಲೇ, ವರ್ಷದ ಅತಿ ತಂಪಾದ ದಿನಗಳಲ್ಲಿ ನೆಡಬೇಕು. ಹೀಗೆ ಮಾಡಿದರೆ ಒಂದು ಸಲ ಹೂವು ನೋಡಬಹುದು. ಆದರೆ ಬಿಸಿ ಬೇಗ ಏರುವುದರಿಂದ ಎಲೆಗೆ ಸಿಗುವ ಸಮಯ ಸಾಲದು, ಮುಂದಿನ ವರ್ಷಕ್ಕೆ ಗಡ್ಡೆ ತುಂಬುವುದಿಲ್ಲ. ಪ್ರತಿ ವರ್ಷ ಹೊಸ ಗಡ್ಡೆ ತರಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಬೆಚ್ಚಗಿನ ಊರಿನವರು ದೊಡ್ಡ ಚೆಂಡಿನ ಆಸೆ ಬಿಟ್ಟು, ಅದೇ ಬಳಗದಲ್ಲಿ ತಂಪು ಬೇಡದ ಗಿಡಗಳನ್ನು ಆರಿಸಿಕೊಳ್ಳುವುದು ಜಾಣತನ. ದಕ್ಷಿಣ ಆಫ್ರಿಕಾದ ತುಲ್ಬಾಗಿಯಾ ವಯೋಲೇಸಿಯಾ ಅವುಗಳಲ್ಲಿ ನನಗೆ ಬಹಳ ಇಷ್ಟ. ಎಲೆ ಮುರಿದರೆ ಬೆಳ್ಳುಳ್ಳಿ ವಾಸನೆ, ತೆಳು ನೇರಳೆಯ ಪುಟ್ಟ ನಕ್ಷತ್ರಗಳ ಗೊಂಚಲು, ತಿಂಗಳುಗಟ್ಟಲೆ ಹೂವು. ಒಣ ಹವೆಯನ್ನೂ ತಡೆಯುತ್ತದೆ, ಕುಂಡದಲ್ಲೂ ಬರುತ್ತದೆ. ಚಪ್ಪಟೆ ಎಲೆಯ ಅಲಿಯಂ ಟ್ಯೂಬರೋಸಂ ಇನ್ನೊಂದು. ಬಿಳಿ ನಕ್ಷತ್ರದಂಥ ಹೂವು, ಬೇಸಿಗೆಯ ಕೊನೆಗೆ ಬರುತ್ತದೆ, ಎಲೆಯನ್ನು ಅಡುಗೆಗೂ ಬಳಸುತ್ತಾರೆ. ಮೆಡಿಟರೇನಿಯನ್ ಸೀಮೆಯ ಬಿಳಿ ಅಲಿಯಂ ನಿಯಾಪೊಲಿಟಾನಂ ಕೂಡ ಸೌಮ್ಯ ಚಳಿಗಾಲದಲ್ಲೇ ತೃಪ್ತಿಪಡುತ್ತದೆ.

ಚಳಿ ಇರುವ ನಿಮ್ಮಂಥವರಿಗೆ ಆಯ್ಕೆ ವಿಶಾಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಕುಲವನ್ನು ಹೆಸರಿಸಿದ. ಇಂದು ಇದರಲ್ಲಿ ಸುಮಾರು ಸಾವಿರ ಪ್ರಭೇದಗಳನ್ನು ಗುರುತಿಸುತ್ತಾರೆ. ಹಳೆಯ ಪುಸ್ತಕಗಳಲ್ಲಿ ಇವನ್ನು ಲಿಲಿ ಕುಟುಂಬದಲ್ಲಿ ಕಾಣುತ್ತೀರಿ, ಆಮೇಲೆ ಸ್ವಂತ ಕುಟುಂಬ ಕೊಟ್ಟರು, 2009ರ ವರ್ಗೀಕರಣದಲ್ಲಿ ಅಮರಿಲ್ಲಿಸ್ ಕುಟುಂಬದೊಳಗೆ ಸೇರಿಸಿದರು. ನೀವು ಬೆಳೆಸಿರುವುದು ಬಹುಶಃ ‘ಪರ್ಪಲ್ ಸೆನ್ಸೇಷನ್’. ಸುಮಾರು 90 ಸೆಂ.ಮೀ. ಎತ್ತರ, ಗಾಢ ನೇರಳೆ, ಎಲ್ಲೆಡೆ ಸುಲಭವಾಗಿ ಸಿಗುವ ತಳಿ. ‘ಗ್ಲೋಬ್‌ಮಾಸ್ಟರ್’ ಮಿಶ್ರತಳಿ, ಅದರ ಚೆಂಡು 20 ಸೆಂ.ಮೀ. ಅಗಲ ಮುಟ್ಟುತ್ತದೆ. ಅದು ಬೀಜ ಕಟ್ಟುವುದಿಲ್ಲ, ಹಾಗಾಗಿ ಹೂವು ಹೆಚ್ಚು ದಿನ ನಿಲ್ಲುತ್ತದೆ. ಗಿಡ್ಡ ದಂಟಿನ ಮೇಲೆ ಲೋಹದ ಹೊಳಪಿನ ನಕ್ಷತ್ರಗಳನ್ನು ಬಿಡುವ ಅಲಿಯಂ ಕ್ರಿಸ್ಟೋಫಿಯನ್ನು ಪಾತಿಯ ಮುಂದಿನ ಸಾಲಿಗೆ ಇಡಿ.

ಅಲಿಯಂ ಷೂಬರ್ಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. ಬೇರೆ ಅಲಿಯಂಗಳಲ್ಲಿ ಹೂವಿನ ತೊಟ್ಟುಗಳು ಸುಮಾರಾಗಿ ಒಂದೇ ಉದ್ದ, ಅದಕ್ಕೇ ನುಣುಪಾದ ಚೆಂಡು. ಇದರಲ್ಲಿ ಕೆಲವು ತೊಟ್ಟು ಗಿಡ್ಡ, ಕೆಲವು ಅದರ ಎರಡು ಮೂರು ಪಟ್ಟು ಉದ್ದ. ಇಡೀ ಗೊಂಚಲು ಆಕಾಶದಲ್ಲಿ ಸಿಡಿದ ಬಾಣಬಿರುಸಿನ ಹಾಗೆ ಕಾಣುತ್ತದೆ. ಅದು ಬರೀ ಚಂದಕ್ಕಲ್ಲ. ಬೀಜ ಮಾಗಿದ ಮೇಲೆ ಒಣಗಿದ ಗೊಂಚಲು ದಂಟಿನಿಂದ ಕಳಚಿಕೊಂಡು ಗಾಳಿಗೆ ಉರುಳುತ್ತಾ ಹೋಗುತ್ತದೆ, ಉದ್ದ ತೊಟ್ಟುಗಳು ಚಕ್ರದ ಕಡ್ಡಿಗಳಂತೆ ಕೆಲಸ ಮಾಡುತ್ತವೆ, ಹೋದ ದಾರಿಯುದ್ದಕ್ಕೂ ಬೀಜ ಉದುರುತ್ತದೆ. ಮರಗಿಡವಿಲ್ಲದ ಒಣ ಬಯಲಿನಲ್ಲಿ ಬೀಜ ದೂರ ಕಳಿಸಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಾ? ಆ ಒಣ ಗೊಂಚಲನ್ನು ಎತ್ತಿ ಮನೆಯೊಳಗೆ ಇಟ್ಟರೆ ತಿಂಗಳುಗಳ ಕಾಲ ಹಾಗೇ ಇರುತ್ತದೆ.

ಒಂದೆರಡು ಜಾತಿಗಳಿಂದ ದೂರ ಇರಿ. ಮೂರು ಮೂಲೆಯ ದಂಟಿನ ಅಲಿಯಂ ಟ್ರೈಕ್ವೀಟ್ರಂ ಬಿಳಿ ಗಂಟೆಯಂಥ ಹೂವಿನಿಂದ ಮನಸೆಳೆಯುತ್ತದೆ, ಆದರೆ ನೆಟ್ಟ ಮೇಲೆ ತೋಟವನ್ನೇ ಆಕ್ರಮಿಸುತ್ತದೆ. ಇಂಗ್ಲೆಂಡ್‌ನಲ್ಲಿ ಅದನ್ನು ತೋಟದಾಚೆ ಬಯಲಿನಲ್ಲಿ ನೆಡುವುದು ಕಾನೂನಿಗೆ ವಿರುದ್ಧ. ಅಲಿಯಂ ವಿನಿಯಾಲೆಯೂ ಅಷ್ಟೇ, ಹೂವಿನ ಜಾಗದಲ್ಲಿ ಪುಟ್ಟ ಮರಿಗಡ್ಡೆಗಳನ್ನು ಬಿಟ್ಟು ನೂರಾರು ಕಡೆ ಚೆಲ್ಲುತ್ತದೆ.

ಈಗ ತಿನ್ನುವ ವಿಷಯ. ಈರುಳ್ಳಿ, ಬೆಳ್ಳುಳ್ಳಿ ಎಲ್ಲವೂ ಇದೇ ಅಲಿಯಂ ಕುಲದವು ಎಂಬುದು ನಿಜ. ಇವೆಲ್ಲದರ ಜೀವಕೋಶದಲ್ಲಿ ಗಂಧಕವಿರುವ ಒಂದು ಪದಾರ್ಥ ಒಂದು ಕಡೆ, ಅಲ್ಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಬೇರೆಬೇರೆಯಾಗಿ ಇರುತ್ತವೆ. ಕತ್ತರಿಸಿದಾಗ ಅಥವಾ ಜಜ್ಜಿದಾಗ ಎರಡೂ ಬೆರೆತು ಆ ಘಾಟು ಹುಟ್ಟುತ್ತದೆ. ಮುಟ್ಟದೆ ಬಿಟ್ಟರೆ ವಾಸನೆ ಇಲ್ಲದಿರುವುದಕ್ಕೆ ಕಾರಣ ಇದೇ. ಜಿಂಕೆ, ಮೊಲ, ಇಲಿಗಳು ಅಲಿಯಂ ಗಡ್ಡೆಗೆ ಸಾಮಾನ್ಯವಾಗಿ ಬಾಯಿ ಹಾಕದಿರುವುದಕ್ಕೂ ಇದೇ ಕಾರಣ. ಆದರೂ ಅಲಂಕಾರಕ್ಕೆಂದು ತಂದ ಗಡ್ಡೆಯನ್ನು ತಿನ್ನಬೇಡಿ ಎಂದೇ ಹೇಳುತ್ತೇನೆ. ಮಾರುವ ಮುಂಚೆ ಅವಕ್ಕೆ ಶಿಲೀಂಧ್ರನಾಶಕ ಹಚ್ಚಿರಬಹುದು, ಅದು ತಿನ್ನುವ ಉದ್ದೇಶಕ್ಕೆ ಪರೀಕ್ಷಿಸಿದ ಸಾಮಗ್ರಿಯಲ್ಲ. ರುಚಿಯೂ ಅಷ್ಟಕ್ಕಷ್ಟೇ. ಇನ್ನೊಂದು ದೊಡ್ಡ ಅಪಾಯ ಇದೆ: ಡ್ಯಾಫೊಡಿಲ್‌ನಂಥ ವಿಷದ ಗಡ್ಡೆಗಳು ನೋಡಲು ಈರುಳ್ಳಿಯ ಹಾಗೇ ಇರುತ್ತವೆ. ಅವನ್ನು ಅದಲುಬದಲು ಮಾಡಿ ತಿಂದು ಆಸ್ಪತ್ರೆ ಸೇರಿದವರಿದ್ದಾರೆ. ತೋಟದ ಗಡ್ಡೆ ಮತ್ತು ಅಡುಗೆಯ ಗಡ್ಡೆ ಒಂದೇ ಕಡೆ ಇಡಲೇಬಾರದು.

ನಾಯಿ, ಬೆಕ್ಕು ಸಾಕಿದ್ದರೆ ಇದನ್ನು ಗಂಭೀರವಾಗಿ ತಗೊಳ್ಳಿ. ಅಲಿಯಂಗಳಲ್ಲಿರುವ ಗಂಧಕದ ಸಂಯುಕ್ತಗಳು ಈ ಪ್ರಾಣಿಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕುಗಳಿಗೆ ತೊಂದರೆ ಇನ್ನೂ ಹೆಚ್ಚು. ಲಕ್ಷಣ ತಕ್ಷಣ ಕಾಣದೆ ಕೆಲವು ದಿನ ಬಿಟ್ಟು ಕಾಣಬಹುದು: ಸುಸ್ತು, ಬಿಳಿಚಿದ ವಸಡು, ಕೆಂಪು ಬಣ್ಣದ ಮೂತ್ರ. ಅಗೆಯುವ ಅಭ್ಯಾಸ ಇರುವ ನಾಯಿ ಇದ್ದರೆ ನೆಟ್ಟ ಜಾಗದ ಮೇಲೆ ಬಲೆ ಹಾಸಿ. ತಿಂದದ್ದು ಗೊತ್ತಾದರೆ ಲಕ್ಷಣಕ್ಕಾಗಿ ಕಾಯದೆ ಪಶುವೈದ್ಯರ ಬಳಿ ಹೋಗಿ.

ನಿಜವಾದ ರೋಗವನ್ನು ಗುರುತಿಸುವುದು ಹೇಗೆ ಎಂದೂ ಹೇಳಿಬಿಡುತ್ತೇನೆ, ಯಾಕೆಂದರೆ ಹಳದಿ ಎಲೆ ಯಾವಾಗಲೂ ನಿರಪಾಯ ಅಂತಲ್ಲ. ಸಹಜವಾಗಿ ಒಣಗುವಾಗ ಹಳದಿ ತುದಿಯಿಂದ ಶುರುವಾಗಿ ಕೆಳಗಿಳಿಯುತ್ತದೆ, ಎಲ್ಲ ಗಿಡದಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆಗುತ್ತದೆ, ದಂಟು ಗಟ್ಟಿಯಾಗಿ ನೆಟ್ಟಗೆ ಇರುತ್ತದೆ. ಒಂದೇ ಗಿಡ ವಸಂತದ ಮೊದಲಲ್ಲೇ ಹಳದಿಯಾಗಿ ಜೋತುಬಿದ್ದರೆ ಅನುಮಾನಪಡಿ. ಕಿತ್ತು ಬುಡ ನೋಡಿ. ಹತ್ತಿಯಂಥ ಬಿಳಿ ಬೂಷ್ಟು, ಅದರಲ್ಲಿ ಗಸಗಸೆಗಿಂತ ಚಿಕ್ಕ ಕಪ್ಪು ಚುಕ್ಕೆಗಳಿದ್ದರೆ ಅದು ಬಿಳಿ ಕೊಳೆರೋಗ. ಈರುಳ್ಳಿ ಬಳಗಕ್ಕೆ ಬರುವ ರೋಗಗಳಲ್ಲಿ ಅತಿ ಕೆಟ್ಟದ್ದು ಇದೇ. ಆ ಕಪ್ಪು ಚುಕ್ಕೆಗಳು ಮಣ್ಣಿನಲ್ಲಿ 15 ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲವು. ಹತ್ತಿರದಲ್ಲಿ ಅಲಿಯಂ ಬೇರು ಬಿಡುವ ಗಂಧಕದ ವಾಸನೆ ಸಿಕ್ಕಾಗ ಮಾತ್ರ ಮೊಳೆಯುತ್ತವೆ. ಮನೆ ತೋಟದವರಿಗೆ ಇದಕ್ಕೆ ಔಷಧ ಇಲ್ಲ. ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ತೋಟದಿಂದ ಆಚೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಆ ಜಾಗದಲ್ಲಿ ಮತ್ತೆ ಈ ಬಳಗದ ಯಾವ ಗಿಡವನ್ನೂ ನೆಡಬೇಡಿ. ತರಕಾರಿ ಪಾತಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬೆಳೆಯುವವರು ಅಲಂಕಾರಿಕ ಅಲಿಯಂಗಳನ್ನು ಅಲ್ಲಿಂದ ದೂರ ಇಡಬೇಕು ಎನ್ನುವುದು ಇದಕ್ಕೇ. ಎಲೆಯ ಮೇಲೆ ಕಿತ್ತಳೆ ಬಣ್ಣದ ಪುಡಿಗುಳ್ಳೆ ಬಂದರೆ ಅದು ತುಕ್ಕುರೋಗ, ಅಷ್ಟೊಂದು ಭಯ ಬೇಡ. ಅಂಥ ಎಲೆ ತೆಗೆದು, ಗಿಡಗಳ ನಡುವೆ ಗಾಳಿ ಆಡುವ ಹಾಗೆ ಮಾಡಿದರೆ ಸಾಕು.

ಕೊನೆಯ ಪ್ರಶ್ನೆ ಬೀಜದ್ದು. ಬೆಳೆಸಬಹುದು, ತಾಳ್ಮೆ ಬೇಕು. ಮೊದಲಿಗೆ, ಗಡ್ಡೆ ಬಲವಾಗಬೇಕೆಂದಿದ್ದರೆ ಈ ವರ್ಷ ಬೀಜ ಕಟ್ಟಲು ಬಿಡಬೇಡಿ. ಹೂವು ಬಾಡಿದ ಕೂಡಲೇ ಚೆಂಡನ್ನು ಮಾತ್ರ ಕತ್ತರಿಸಿ, ಹಸಿರು ದಂಟನ್ನು ಬಿಡಿ, ಅದೂ ಆಹಾರ ಮಾಡುತ್ತದೆ. ಎರಡನೆಯದಾಗಿ, ‘ಪರ್ಪಲ್ ಸೆನ್ಸೇಷನ್’ ಬೀಜದಿಂದ ಬಂದ ಮರಿಗಳು ತಾಯಿಯಷ್ಟು ಗಾಢ ಬಣ್ಣದವಾಗಿರುವುದಿಲ್ಲ, ತೆಳು ನೇರಳೆಗೆ ತಿರುಗುತ್ತವೆ. ಬೀಜ ಉದುರಲು ಬಿಟ್ಟ ಪಾತಿಯಲ್ಲಿ ವರ್ಷ ಕಳೆದಂತೆ ಬಣ್ಣ ಸಪ್ಪೆಯಾಗುವುದು ಹೀಗೆ. ತಳಿಯ ಬಣ್ಣ ಉಳಿಯಬೇಕಾದರೆ ಮರಿಗಡ್ಡೆಯಿಂದಲೇ ಹೆಚ್ಚಿಸಬೇಕು.

ಕ್ರಿಸ್ಟೋಫಿ, ಷೂಬರ್ಟಿಯಂಥ ಶುದ್ಧ ಪ್ರಭೇದಗಳನ್ನು ಬೀಜದಿಂದ ಧೈರ್ಯವಾಗಿ ಬೆಳೆಸಿ. ಕಪ್ಪು ಬೀಜ ಮಾಗಿದ ವರ್ಷವೇ, ಚಳಿಗೆ ಮುಂಚೆ, ಮರಳು ಬೆರೆಸಿದ ಮಣ್ಣಿನ ಕುಂಡದಲ್ಲಿ ತೆಳ್ಳಗೆ ಬಿತ್ತಿ ಹೊರಗಿಡಿ. ಚಳಿ ತಾಗಿದ ಮೇಲೆ ವಸಂತದಲ್ಲಿ ಮೊಳೆಯುತ್ತವೆ. ಮೊದಲ ವರ್ಷ ನೂಲಿನಂಥ ಒಂದೇ ಎಲೆ, ಬೇಸಿಗೆಗೆ ಅದೂ ಒಣಗುತ್ತದೆ. ಸತ್ತಿತೆಂದು ಕುಂಡ ಸುರಿಯಬೇಡಿ, ಮಣ್ಣಿನಲ್ಲಿ ಬಟಾಣಿಗಿಂತ ಚಿಕ್ಕ ಗಡ್ಡೆ ಇರುತ್ತದೆ. ನೀರು ನಿಲ್ಲಿಸಿ, ಕುಂಡವನ್ನು ಮಳೆ ಬೀಳದ ಕಡೆ ಇಡಿ, ಚಳಿ ಬರುವಾಗ ಮತ್ತೆ ನೀರು ಶುರುಮಾಡಿ. ಬಿತ್ತಿದಲ್ಲಿಂದ ಹೂವಿಗೆ ಮೂರರಿಂದ ಐದು ವರ್ಷ ಹಿಡಿಯುತ್ತದೆ. ಎರಡನೆಯ ವರ್ಷ ಪಾತಿಗೆ ಇಳಿಸುವುದಾದರೆ ಸಾಲಿನ ಎರಡೂ ತುದಿಗೆ ಹೆಸರು ಬರೆದ ಪಟ್ಟಿ ಚುಚ್ಚಿಡಿ. ಆ ವಯಸ್ಸಿನಲ್ಲಿ ಎಲೆ ಹುಲ್ಲಿನ ಹಾಗೇ ಇರುತ್ತದೆ, ಕಳೆ ಕೀಳುವಾಗ ಗೊತ್ತಾಗದೆ ಕೈಗೆ ಬಂದುಬಿಡುತ್ತದೆ. ಅನುಮಾನ ಬಂದರೆ ತುದಿಯನ್ನು ಒಂದಿಷ್ಟು ಚಿವುಟಿ ಮೂಸಿ ನೋಡಿ, ಈರುಳ್ಳಿ ವಾಸನೆ ಇದ್ದರೆ ಬಿಟ್ಟುಬಿಡಿ.